ಹಳೆಯ ಆಟೋಮ್ಯಾಟಿಕ್ ಕಾರು 'ಡಿ'ಗೆ ಹಾಕಿದ ಕೂಡಲೇ ಆಫ್ ಆಗುತ್ತಿದೆ, ಯಾಕೆ?

ನ್ಯೂಟ್ರಲ್‌ನಲ್ಲಿ ಚೆನ್ನಾಗಿ ಓಡುವ ಇಂಜಿನ್ ಗೇರಿಗೆ ಹಾಕಿದಾಗ ಮಾತ್ರ ನಿಲ್ಲುತ್ತದೆ ಎಂದಿದ್ದೀರಿ. ದಯವಿಟ್ಟು ಗೇರ್‌ಬಾಕ್ಸ್ ಬಿಚ್ಚಿಸಲು ಈಗಲೇ ಒಪ್ಪಬೇಡಿ.

ಗೇರ್ ಬಿದ್ದೊಡನೆ ಟಾರ್ಕ್ ಕನ್ವರ್ಟರ್‌ನಿಂದ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇಂಜಿನ್ ಮೇಲೆ ಭಾರ ಬೀಳುತ್ತದೆ. ಆಗ ಇಂಜಿನ್ ನಿಲ್ಲದಂತೆ ಐಡಲ್ ಕಂಟ್ರೋಲ್ ವಾಲ್ವ್ (ಆಕ್ಸಿಲರೇಟರ್ ಒತ್ತದಿದ್ದಾಗ ಇಂಜಿನ್‌ಗೆ ಗಾಳಿ ಕೊಡುವ ವಾಲ್ವ್) ಜಾಸ್ತಿ ಗಾಳಿ ಬಿಡಬೇಕು. ಹಳೆಯ ಗಾಡಿಗಳಲ್ಲಿ ಈ ವಾಲ್ವ್, ಇಂಜಿನ್‌ಗೆ ಗಾಳಿ ಹೋಗುವ ದಾರಿಯಾದ ಥ್ರಾಟಲ್ ಬಾಡಿ ಎರಡರಲ್ಲೂ ಕಾರ್ಬನ್ ಕಟ್ಟಿರುತ್ತದೆ. ಮೊದಲು ಅವನ್ನು ಕ್ಲೀನ್ ಮಾಡಿಸಿ. ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದೆಯಾ ನೋಡಿಸಿ. ಚಿಕ್ಕಮಗಳೂರಿನ ಬೆಳಗಿನ ಚಳಿಯಲ್ಲೇ ತೊಂದರೆ ಜಾಸ್ತಿ ಅಂದರೆ ನನ್ನ ಅನುಮಾನ ಇವುಗಳ ಮೇಲೆಯೇ.

ಮುಳ್ಳಯ್ಯನಗಿರಿ ಇಳಿದು, ಇಂಜಿನ್ ಬಿಸಿಯಾದ ಮೇಲೆ ಕೈಮರ ಚೆಕ್‌ಪೋಸ್ಟ್‌ನಲ್ಲಿ ನಿಲ್ಲಿಸುವಾಗ ಆಫ್ ಆಗುತ್ತದಾ? ಮ್ಯಾನ್ಯುಯಲ್ ಗಾಡಿಯನ್ನು ಕ್ಲಚ್ ಒತ್ತದೆ ನಿಲ್ಲಿಸಿದ ಹಾಗೆ ಜರ್ಕ್ ಹೊಡೆಯುತ್ತದಾ? ಹಾಗಾದರೆ ಬಹುಶಃ ಲಾಕಪ್ ಕ್ಲಚ್ (ವೇಗದಲ್ಲಿ ಓಡುವಾಗ ಇಂಜಿನ್ನನ್ನು ಗೇರ್‌ಬಾಕ್ಸ್‌ಗೆ ನೇರವಾಗಿ ಜೋಡಿಸುವ, ಟಾರ್ಕ್ ಕನ್ವರ್ಟರ್ ಒಳಗಿನ ಕ್ಲಚ್) ಬಿಡುತ್ತಿಲ್ಲ. ಅದನ್ನು ನಿಯಂತ್ರಿಸುವ ಸೊಲೆನಾಯ್ಡ್ (ವಿದ್ಯುತ್ ವಾಲ್ವ್) ಕನೆಕ್ಟರ್ ತೆಗೆದು ಓಡಿಸಿ ನೋಡಲು ಮೆಕ್ಯಾನಿಕ್‌ಗೆ ಹೇಳಿ. ತೊಂದರೆ ನಿಂತರೆ ಸೊಲೆನಾಯ್ಡ್ ಅಥವಾ ಅದರ ವೈರಿಂಗ್ ಕಡೆಯೇ ಹುಡುಕಬೇಕು.