ಓಣಿಯ ಪ್ರಾಜೆಕ್ಟಿಗೆ ಕ್ಯಾಮೆರಾ ಬಾಡಿಗೆ ತರುವ ಮುಂಚೆ

ತಂಗಿ, ನಿನ್ನೆ ನೀವು ಹಾಕಿದ ಪ್ರಶ್ನೆಯನ್ನೂ ಅದಕ್ಕೆ ಬಂದ ಉತ್ತರಗಳನ್ನೂ ಓದಿದೆ. ಪತ್ರಿಕೋದ್ಯಮದ ಕೊನೆಯ ವರ್ಷ, ನಾಲ್ಕು ಮಂದಿಯ ತಂಡ, ಕೈಯಲ್ಲಿ ಆರು ವಾರ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಒಂದು ಭಾಗದ ಬಗ್ಗೆ ಬರಹ, ಫೋಟೊ, ಧ್ವನಿ, ವಿಡಿಯೊ, ನಕ್ಷೆ ಎಲ್ಲ ಸೇರಿದ ಮಲ್ಟಿಮೀಡಿಯಾ ಪ್ರಾಜೆಕ್ಟ್ ಮಾಡಬೇಕು. ನೀವು ಹುಬ್ಬಳ್ಳಿಯ ದುರ್ಗದ ಬೈಲ್ ಪೇಟೆ ಆಯ್ದುಕೊಂಡಿದ್ದೀರಿ. ಹತ್ತು ನಿಮಿಷದ ಸಾಕ್ಷ್ಯಚಿತ್ರ, ಅದರಲ್ಲಿ ಇತಿಹಾಸ, ತಿನಿಸು, ವ್ಯಾಪಾರಿಗಳ ಮಾತು, ಕಾರ್ಪೊರೇಟರ್ ಸಂದರ್ಶನ, ಮೇಲಿನಿಂದ ಡ್ರೋನ್ ಶಾಟ್. ಒಳ್ಳೆ ಕ್ಯಾಮೆರಾ ಎಲ್ಲಿ ಬಾಡಿಗೆಗೆ ಸಿಗುತ್ತದೆ ಅಂತ ಕೇಳಿದ್ದೀರಿ. ನಾನು ಹದಿನಾರು ವರ್ಷ ನಗರ ವರದಿ ಮಾಡಿದವನು, ಈಗ ಕೆಲವು ವರ್ಷಗಳಿಂದ ನಿಮ್ಮಂಥ ತಂಡಗಳ ಜೊತೆ ಓಣಿ ಸುತ್ತುತ್ತೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನದಿಂದ ಓದ್ರಿ.

ಕ್ಯಾಮೆರಾ ಬಾಡಿಗೆ ತರಬೇಡ್ರಿ. ನಾಲ್ಕು ಮಂದಿಯ ಫೋನ್ ಸಾಕು. ಆ ದುಡ್ಡಿನಲ್ಲಿ ಅಂಗಿಗೆ ಸಿಕ್ಕಿಸುವ ಒಂದು ಸಣ್ಣ ಮೈಕ್ ತಗೊಳ್ರಿ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಅರ್ಧ ನಿಮಿಷಕ್ಕೆ ಬಿಟ್ಟು ಹೋಗುತ್ತಾರೆ. ಒಮ್ಮೆ ಕಂಚಗಾರ ಗಲ್ಲಿಯಲ್ಲಿ ಒಬ್ಬ ಹಿರಿಯರ ಮಾತು ಇಪ್ಪತ್ತೈದು ನಿಮಿಷ ರೆಕಾರ್ಡ್ ಮಾಡಿದ್ದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು, ಪಕ್ಕದ ಮನೆಯಲ್ಲಿ ಮಿಕ್ಸರ್ ನಡೆದಿತ್ತು. ಕೂತು ಕೇಳುವಾಗ ಅವೆರಡೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಮನೆಗೆ ಬಂದು ಹಾಕಿದರೆ ಅವೇ ಕೇಳಿಸಿದವು, ಅಜ್ಜ ಕೇಳಿಸಲಿಲ್ಲ. ಮತ್ತೆ ಹೋದಾಗ ಅವರು ಆಸ್ಪತ್ರೆ ಸೇರಿದ್ದರು. ಆ ಮಾತು ಹೋಗಿಯೇ ಹೋಯಿತು.

ಆದ್ದರಿಂದ ಕೂರುವ ಜಾಗದ ಸದ್ದು ಮೊದಲು ಕೇಳಿಸಿಕೊಳ್ರಿ. ಫ್ಯಾನ್ ಆರಿಸಲು ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕ್ರಿ, ಮೈಕ್ ಬಾಯಿಯಿಂದ ಒಂದು ಗೇಣಿನ ದೂರದಲ್ಲಿರಲಿ. ಮಾತು ಮುಗಿದ ಮೇಲೆ ಎಲ್ಲರೂ ಸುಮ್ಮನೆ ಕೂತು ಆ ಕೋಣೆಯ ಸದ್ದನ್ನಷ್ಟೇ 30 ಸೆಕೆಂಡ್ ಹಿಡೀರಿ, ಎಡಿಟಿಂಗ್‌ನಲ್ಲಿ ಎರಡು ಮಾತುಗಳ ನಡುವಿನ ಸಂದು ತುಂಬಲು ಅದೇ ಬೇಕಾಗುತ್ತದೆ. ಧ್ವನಿ ಕತ್ತರಿಸಿ ಜೋಡಿಸಲು ಅಡಾಸಿಟಿ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಫೈಲುಗಳನ್ನು ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಅಂತ ಕಳಿಸಬೇಡ್ರಿ, ಅದು ಹಿಂಡಿ ಸಣ್ಣದು ಮಾಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸ್ರಿ, ಇಲ್ಲವೆ ಗೂಗಲ್ ಡ್ರೈವ್‌ಗೆ ಹಾಕ್ರಿ.

ಇನ್ನು ದುರ್ಗದ ಬೈಲ್. ಜಾಗ ಚಲೋನೇ ಇದೆ. ಸವಣೂರು ನವಾಬರ ಕಾಲದಲ್ಲಿ ಬಸಪ್ಪ ಶೆಟ್ಟರು ಕಟ್ಟಿಸಿದ ಕೋಟೆ, ಅದರ ಬಯಲು, ಅದರ ಸುತ್ತ ಬೆಳೆದ ಹೊಸ ಹುಬ್ಬಳ್ಳಿ. ಹೆಸರಿನಲ್ಲೇ ಕಥೆ ಇದೆ. ಆದರೆ ನಿಮ್ಮ ಯೋಜನೆಯಲ್ಲಿ ಇತಿಹಾಸ, ಗಿರ್ಮಿಟ್, ಟ್ರಾಫಿಕ್, ವ್ಯಾಪಾರ ಎಲ್ಲವೂ ಇವೆ, ಪ್ರಶ್ನೆ ಮಾತ್ರ ಇಲ್ಲ. 2011ರ ಜನಗಣತಿಯಲ್ಲೇ 9.4 ಲಕ್ಷ ಜನ ಇದ್ದ ಊರಿದು, 2021ರ ಚುನಾವಣೆಯಲ್ಲಿ ಪಾಲಿಕೆಗೆ 82 ವಾರ್ಡ್ ಇದ್ದವು. ಅದರಲ್ಲಿ ಒಂದು ಪೇಟೆಯನ್ನೂ ಆರು ವಾರದಲ್ಲಿ ಪೂರ್ತಿ ಹಿಡಿಯಲಾಗದು. ಒಂದು ಓಣಿ ಹಿಡೀರಿ, ಆ ಓಣಿಯ ಒಂದು ಪ್ರಶ್ನೆ ಹಿಡೀರಿ. ದುರ್ಗದ ಬೈಲೇ ಬೇಕಂದರೆ ಹೀಗೆ ಕೇಳಬಹುದು: ಒಂದು ಅಂಗಡಿ ಮುಂದಿನ ಹತ್ತು ಅಡಿ ಜಾಗದಲ್ಲಿ ಮುಂಜಾನೆ ಯಾರು ಕೂರುತ್ತಾರೆ, ಮಧ್ಯಾಹ್ನ ಯಾರು, ಸಂಜೆ ತಿನಿಸಿನ ಗಾಡಿ ಯಾರದು, ರಾತ್ರಿ ಅಲ್ಲಿ ಯಾರು ಕಸ ಗುಡಿಸುತ್ತಾರೆ? ಆ ಜಾಗ ತಮ್ಮದು ಅಂತ ಅವರವರ ನಡುವೆ ಹೇಗೆ ಒಪ್ಪಿಗೆ ಆಯಿತು? ಫೋನನ್ನು ಒಂದೇ ಕಡೆ, ಒಂದೇ ಎತ್ತರಕ್ಕೆ ಇಟ್ಟು ನಾಲ್ಕು ಹೊತ್ತು ತೆಗೆದ ನಾಲ್ಕು ಫೋಟೊ ಮತ್ತು ನಾಲ್ಕು ಜನರ ಧ್ವನಿ. ಇಷ್ಟೇ ಒಂದು ಪೂರ್ತಿ ಪ್ರಾಜೆಕ್ಟ್.

ಡ್ರೋನ್ ಬಿಡ್ರಿ. ವಿಮಾನ ನಿಲ್ದಾಣ ಗೋಕುಲ ರಸ್ತೆಯಲ್ಲೇ ಇದೆ. ಎಲ್ಲಿ ಹಾರಿಸಬಹುದು ಅಂತ ಸರ್ಕಾರದ ಡಿಜಿಟಲ್ ಸ್ಕೈ ತಾಣದ ನಕ್ಷೆ ನೋಡಬೇಕು, ಅನುಮತಿ ಕೇಳಬೇಕು, ಅಷ್ಟರಲ್ಲಿ ನಿಮ್ಮ ವಾರಗಳು ಹೋಗುತ್ತವೆ. ಮೇಲಿನಿಂದ ಕಾಣುವುದೂ ತಗಡಿನ ಮಾಡು ಮಾತ್ರ.

ಒಂದು ಪ್ರಶ್ನೆ ಹಿಡಿದರೆ ಏನಾಗುತ್ತದೆ ಅನ್ನುವುದಕ್ಕೆ ನನ್ನ ಜೊತೆ ಬಂದ ಒಂದು ತಂಡದ ಕೆಲಸ ಹೇಳುತ್ತೇನೆ. ಹಳೇ ಹುಬ್ಬಳ್ಳಿ ಕಡೆಯ ಒಂದು ಓಣಿ, ಪ್ರಶ್ನೆ ನಳದ ನೀರು. ನಿಮಗೆ ಗೊತ್ತಿರಬಹುದು, ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ 8 ವಾರ್ಡ್‌ಗಳಿಗೆ ದಿನದ 24 ತಾಸೂ ನೀರು ಬಂತು. ಉಳಿದ ಕಡೆ ಹಲವು ದಿನಕ್ಕೊಮ್ಮೆ ಬಿಡುವ ಪದ್ಧತಿಯೇ ಮುಂದುವರಿಯಿತು. ಸವದತ್ತಿಯ ರೇಣುಕಾಸಾಗರದಿಂದ ಬರುವ ಅದೇ ಮಲಪ್ರಭೆ ನೀರು, ಎರಡು ಓಣಿಗೆ ಎರಡು ಥರ. ಆ ತಂಡದ ಹುಡುಗಿಯರು ಮೊದಲು ಅಂಕಿ-ಅಂಶ ಹುಡುಕಿಕೊಂಡು ಹೊರಟಿದ್ದರು. ಅದು ಸಿಕ್ಕಿದ್ದು ಒಂದು ಅಡುಗೆಮನೆಯ ಗೋಡೆ ಮೇಲೆ.

ಗದಗಿನ ಶಾಬಾದಿಮಠದ ಕ್ಯಾಲೆಂಡರ್. ಎಣ್ಣೆ ಕೈ ತಾಗಿ ಮೂಲೆಗಳು ಹಳದಿಯಾಗಿದ್ದವು. ನೀರು ಬಂದ ತಾರೀಖಿನ ಮೇಲೆ ಆ ಮನೆಯವ್ವ ಪೆನ್ಸಿಲ್‌ನಿಂದ ಸಣ್ಣ ಸೊನ್ನೆ ಹಾಕಿದ್ದರು. ನಡುರಾತ್ರಿ ಬಂದಿದ್ದರೆ ಸೊನ್ನೆಯೊಳಗೆ ಒಂದು ಚುಕ್ಕಿ. ಪಕ್ಕದಲ್ಲೇ ಸಿಲಿಂಡರ್ ಬಂದ ದಿನ, ಹಾಲಿನ ಲೆಕ್ಕ, ಮೊಮ್ಮಗನ ಪರೀಕ್ಷೆ ತಾರೀಖು. ಎರಡು ಸೊನ್ನೆಗಳ ನಡುವೆ ಎಷ್ಟು ಖಾಲಿ ಚೌಕ ಅಂತ ಎಣಿಸಿದರೆ ವರ್ಷದ ನೀರಿನ ಲೆಕ್ಕ ಪೂರ್ತಿ ಬರುತ್ತಿತ್ತು. ಚುಕ್ಕಿ ಯಾಕೆ ಅಂತ ಕೇಳಿದಾಗ ಅವರು ಅಂದದ್ದು: “ಚುಕ್ಕಿ ಇದ್ದ ದಿನ ನಾ ಮಲಗಿಲ್ಲವಾ.” ಆ ಒಂದು ಮಾತು ಪ್ರಾಜೆಕ್ಟಿನ ಹೆಸರಾಯಿತು.

ಆಮೇಲೆ ಯಾವುದಕ್ಕೆ ಯಾವ ಮಾಧ್ಯಮ ಅನ್ನುವುದು ತಾನೇ ತೀರ್ಮಾನವಾಯಿತು. ಕ್ಯಾಲೆಂಡರ್ ಒಂದು ಫೋಟೊ, ಹತ್ತಿರದಿಂದ ತೆಗೆದದ್ದು. ಯಾವ ಮನೆಸಾಲಿಗೆ ಯಾವ ದಿನ ನೀರು ಅನ್ನುವುದು ನಕ್ಷೆ. ನೀರು ಬರುವ ಗಳಿಗೆ ಬರೀ ಧ್ವನಿ. ನಳದಲ್ಲಿ ಮೊದಲು ಗಾಳಿ ಬುಸ್ಸೆನ್ನುತ್ತದೆ, ಕೆಮ್ಮಿದ ಹಾಗೆ ಎರಡು ಸಲ ನೀರು ಉಗುಳುತ್ತದೆ, ಯಾರೋ “ನೀರ ಬಂದಾವ!” ಅಂತ ಕೂಗುತ್ತಾರೆ, ಓಣಿತುಂಬ ಬಾಗಿಲು ತೆರೆದ ಸದ್ದು, ಕೊಡಗಳ ಸದ್ದು. ನಲವತ್ತು ಸೆಕೆಂಡ್ ಅಷ್ಟೇ. ಅದಕ್ಕೆ ವಿಡಿಯೊ ಹಾಕಿದ್ದರೆ ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ. ಕೊಡ ಹೊತ್ತು ಮೆಟ್ಟಿಲು ಹತ್ತುವುದು ಮಾತ್ರ ವಿಡಿಯೊ, ಯಾಕೆಂದರೆ ಅಲ್ಲಿ ಚಲನೆಯೇ ವಿಷಯ. ಮೊದಲು ಕೈ, ಆಮೇಲೆ ಮುಖ, ಆಮೇಲೆ ದೂರದಿಂದ ಇಡೀ ಮೆಟ್ಟಿಲು. ಒಂದೊಂದು ಶಾಟ್ ಕೈ ಅಲುಗಾಡಿಸದೆ ಹತ್ತು ಸೆಕೆಂಡ್. ಯೋಜನೆಯ ಹಿನ್ನೆಲೆ, ವರ್ಷ, ವಾರ್ಡು ಇವೆಲ್ಲ ಬರಹದಲ್ಲಿ. ನಿಮ್ಮ ಹತ್ತು ನಿಮಿಷದ ಸಾಕ್ಷ್ಯಚಿತ್ರದಲ್ಲಿ ಇಷ್ಟನ್ನೂ ಒಂದೇ ಚೀಲಕ್ಕೆ ತುಂಬುತ್ತೀರಿ, ಯಾವುದೂ ಎದ್ದು ಕಾಣುವುದಿಲ್ಲ. ಅದಕ್ಕೇ ಬೇಡ ಅನ್ನುತ್ತಿದ್ದೇನೆ.

ಅದೇ ಪ್ರಾಜೆಕ್ಟಿನಲ್ಲಿ ಒಂದು ದೊಡ್ಡ ತಪ್ಪೂ ಆಯಿತು, ಅದಕ್ಕೆ ಹೊಣೆ ನಾನು. ಒಂಟಿಯಾಗಿ ಇರುವ ಒಬ್ಬ ಹೆಣ್ಣುಮಗಳು ಟ್ಯಾಂಕರ್‌ನವರ ಬಗ್ಗೆ ಸಿಟ್ಟಿನಿಂದ ಮಾತಾಡಿದ್ದರು. ಹೆಸರು ಹಾಕಲಿಲ್ಲ, ಮುಖ ತೋರಿಸಲಿಲ್ಲ. ನಕ್ಷೆಯಲ್ಲಿ ಮಾತ್ರ ಪಿನ್ ಸರಿಯಾಗಿ ಅವರ ಮನೆ ಮೇಲೆ ಚುಚ್ಚಿತ್ತು. ಮರುದಿನವೇ ಓಣಿಯವರಿಗೆ ಯಾರು ಅಂತ ತಿಳಿಯಿತು, ಆ ಹೆಣ್ಣುಮಗಳು ಚುಚ್ಚುಮಾತು ಕೇಳಬೇಕಾಯಿತು. ಪಿನ್ ತೆಗೆದೆವು, ಮನೆಗೆ ಹೋಗಿ ಕ್ಷಮೆ ಕೇಳಿದೆವು, ಆದರೆ ಆದದ್ದು ಆಗಿಹೋಗಿತ್ತು. ಮನೆ ಮೇಲೆ ಪಿನ್ ಇಡಬೇಡ್ರಿ, ಓಣಿಯ ತುದಿಯಲ್ಲೋ ಗುಡಿ ಮುಂದೋ ಇಡ್ರಿ. ಒಪ್ಪಿಗೆ ಕೇಳುವಾಗ “ಫೋಟೊ ತೆಗೀಲೇನ್ರಿ” ಅಂದರೆ ಸಾಲದು. ಇದು ಇಂಟರ್ನೆಟ್‌ನಲ್ಲಿ ಬರುತ್ತದೆ, ನಿಮ್ಮ ಬೀಗರೂ ನೋಡಬಹುದು, ಆಮೇಲೆ ಬೇಡ ಅನ್ನಿಸಿದರೆ ಈ ನಂಬರಿಗೆ ಹೇಳ್ರಿ ಅಂತ ಬಿಡಿಸಿ ಹೇಳಿ, ಅವರ ಹೂಂ ಅನ್ನುವುದನ್ನೂ ರೆಕಾರ್ಡ್ ಮಾಡ್ಕೊಳ್ರಿ. 18 ವರ್ಷದೊಳಗಿನ ಮಕ್ಕಳಾದರೆ ಮನೆಯವರನ್ನು ಕೇಳದೆ ಮುಖ ಬೇಡ.

ಮೊದಲ ವಾರ ಫೋನ್ ಕಿಸೆಯಲ್ಲೇ ಇರಲಿ. ಮುಂಜಾನೆ ಐದೂವರೆಗೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಹೋಗ್ರಿ, ಚಹಾ ಕುಡೀರಿ, ಕಟ್ಟೆ ಮೇಲೆ ಕೂಡ್ರಿ. “ನಿಮ್ಮ ಓಣಿ ಬಗ್ಗೆ ಹೇಳ್ರಿ” ಅಂದರೆ ಎಲ್ಲರೂ ಭಾಷಣ ಮಾಡುತ್ತಾರೆ. “ಇವತ್ತು ಎದ್ದ ಕೂಡಲೇ ಏನ್ ಮಾಡಿದ್ರಿ?” ಅಂತ ಕೇಳ್ರಿ. ಉತ್ತರ ಮುಗಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿರ್ರಿ, ಬೇಕಾದ ಮಾತು ಬರುವುದು ಆಗ. ಉರ್ದು, ಮರಾಠಿ ಆಡುವವರು ತಮ್ಮ ಮಾತಿನಲ್ಲೇ ಆಡಲಿ, ಕೆಳಗೆ ಕನ್ನಡದಲ್ಲಿ ಬರೀರಿ, ಮೇಲೆ ಬೇರೆ ದನಿ ಹಾಕಬೇಡ್ರಿ. ಕಾರ್ಪೊರೇಟರ್ ಕೊನೆಗೆ ಸಾಕು. ಅಷ್ಟರಲ್ಲಿ ಕೇಳಲು ನಿಮ್ಮ ಹತ್ತಿರ ಎರಡು ಗಟ್ಟಿ ಪ್ರಶ್ನೆ ಇರುತ್ತವೆ.

ಇಲಾಖೆಯ ದಾಖಲೆ ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಮೊದಲ ವಾರವೇ ಹಾಕ್ರಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮೂರನೇ ವಾರಕ್ಕೆ ನೆನಪಾದರೆ ಉತ್ತರ ಬರುವಷ್ಟರಲ್ಲಿ ಪ್ರಾಜೆಕ್ಟ್ ಒಪ್ಪಿಸಿ ಆಗಿರುತ್ತದೆ. ಅರ್ಜಿಯಲ್ಲಿ ಒಂದೇ ವಿಷಯ, ಚುಟುಕಾಗಿ. ವಾರ್ಡ್ ನಂಬರ್ ಸರಿಯಾಗಿ ಬರೀರಿ. ಜನ ಯಲ್ಲಾಪುರ ಓಣಿ, ವೀರಾಪುರ ಓಣಿ ಅನ್ನುತ್ತಾರೆ, ಕಚೇರಿ ನಂಬರ್ ಅನ್ನುತ್ತದೆ, ಎರಡರ ಗಡಿ ಒಂದೇ ಇರುವುದಿಲ್ಲ. ನಿಮ್ಮ ನಕ್ಷೆಯಲ್ಲಿ ಎರಡೂ ಇರಲಿ. ಹಳೆಯ ವಿವರಕ್ಕೆ 1884ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ ಧಾರವಾಡ ಸಂಪುಟ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಇದೆ, ಹುಬ್ಬಳ್ಳಿಯ ಪೇಟೆ, ವ್ಯಾಪಾರದ ವಿವರ ಅದರಲ್ಲಿ ಸಿಗುತ್ತದೆ.

ನಕ್ಷೆಗೆ ಗೂಗಲ್ ಮೈ ಮ್ಯಾಪ್ಸ್ ಸಾಕು. ನಕ್ಷೆ ಜೊತೆ ಫೋಟೊ, ಧ್ವನಿ ಒಂದಾದ ಮೇಲೊಂದು ಬರಬೇಕಂದರೆ ನಾರ್ಥ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೈಟ್ ಲ್ಯಾಬ್ ಮಾಡಿದ ಸ್ಟೋರಿಮ್ಯಾಪ್ ಜೆಎಸ್ ಇದೆ, ಅದೂ ಪುಕ್ಕಟೆ. ಒಂದು ಎಚ್ಚರಿಕೆ: ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಅಲ್ಲಿ ಅಂಟಿಸಿದರೆ ಬರೀ ಕಸ ಕಾಣುತ್ತದೆ. ಮೊದಲಿನಿಂದಲೇ ಯೂನಿಕೋಡ್‌ನಲ್ಲಿ ಬರೀರಿ. ವಿಡಿಯೊದ ಕೆಳಗಿನ ಅಕ್ಷರಗಳಲ್ಲಿ ಒತ್ತಕ್ಷರ ಒಡೆಯುತ್ತವೆಯೋ ಅಂತ ಒಂದು ಸಾಲು ಹಾಕಿ ನೋಡ್ರಿ, ಒಡೆದರೆ ಆ್ಯಪ್ ಬದಲಿಸ್ರಿ. ಎಲ್ಲವನ್ನೂ ಕಡಿಮೆ ಬೆಲೆಯ ಒಂದು ಫೋನಿನಲ್ಲಿ ತೆರೆದು ಪರೀಕ್ಷೆ ಮಾಡ್ರಿ, ಓಣಿಯವರು ನೋಡುವುದು ಅದರಲ್ಲೇ.

ಜಾಗ ಬದಲಿಸುವ ಮನಸ್ಸಿದ್ದರೆ ಹುಬ್ಬಳ್ಳಿಯ ಬೆಂಗೇರಿ ನೋಡ್ರಿ. ಅಲ್ಲಿ 1957ರಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 24 ಅರಗಳ ಚಕ್ರ ಬಟ್ಟೆಯ ಎರಡೂ ಬದಿಗೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದ ಧ್ವಜಕ್ಕೂ ಅವಕಾಶ ಕೊಟ್ಟ ಮೇಲೆ ಆ ಹೊಲಿಗೆ ಮಷಿನ್‌ಗಳ ಮುಂದೆ ಕೂತವರ ದಿನ ಹೇಗೆ ನಡೆದಿದೆ? ಬೆಂಗೇರಿಯ ಪ್ರಶ್ನೆ ಅದು. ಸಂಘದ ಅನುಮತಿ ಮುಂಚೆಯೇ ಬರಹದಲ್ಲಿ ಕೇಳ್ರಿ.

ಐದನೇ ವಾರ, ಮಾಸ್ತರಿಗೆ ತೋರಿಸುವ ಮುಂಚೆ, ಮಾತಾಡಿದವರಿಗೆ ತೋರಿಸ್ರಿ. ಕಟ್ಟೆ ಮೇಲೆ ಕೂತು ಫೋನಿನಲ್ಲೇ ಆದೀತು. ನಮ್ಮ ನೀರಿನ ನಕ್ಷೆಯಲ್ಲಿ ಒಂದು ಸಾಲಿನ ದಿನ ತಪ್ಪಾಗಿದೆ ಅಂತ ತಿದ್ದಿದ್ದು ಹತ್ತು ವರ್ಷದ ಹುಡುಗ, ನಳಕ್ಕೆ ಕೊಡ ಹಚ್ಚುವುದು ಅವನ ಕೆಲಸವಾಗಿತ್ತು.

ಮೈಕ್ ನನ್ನ ಹತ್ತಿರ ಎರಡು ಇವೆ, ಕೊಳ್ಳುವ ಮುಂಚೆ ಒಂದನ್ನು ಒಯ್ದು ಬಳಸಿ ನೋಡ್ರಿ. ಭಾನುವಾರ ಮುಂಜಾನೆ ಹತ್ತರ ಮೇಲೆ ವಿದ್ಯಾನಗರದಲ್ಲಿ ಇರುತ್ತೇನೆ, ಧಾರವಾಡದಿಂದ ಚಿಗರಿ ಬಸ್ ಹತ್ತಿದರೆ ಅಲ್ಲೇ ಇಳಿಯಬಹುದು. ಬರುವಾಗ ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಂಡು ಬರ್ರಿ.