ಉಳಿದ ಎಂಡೋಸಲ್ಫಾನ್ ಹೊಡೆದು ಮುಗಿಸಬೇಡಿ

ಅಣ್ಣಾ, ಶೆಡ್ಡಿನಲ್ಲಿ ಹಳೇ ಎಂಡೋಸಲ್ಫಾನ್ ಕೀಟನಾಶಕದ ಬಾಟಲಿ ಸಿಕ್ಕಿದೆ, ಹುಳಕ್ಕೆ ಚೆನ್ನಾಗಿ ಹಿಡಿಯುತ್ತಿತ್ತು, ಸುಮ್ನೆ ಹಾಳು ಮಾಡುವ ಬದಲು ಒಂದು ಸಲ ಹೊಡೆದು ಮುಗಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ.

ಚೆನ್ನಾಗಿ ಹಿಡಿಯುತ್ತಿತ್ತು ಅನ್ನುವುದು ನಿಜ. ಅದನ್ನು ನಿಷೇಧಿಸಿದ್ದು ಹುಳ ಸಾಯುವುದಿಲ್ಲ ಅಂತ ಅಲ್ಲ. ಹೊಡೆದ ಜಾಗದಲ್ಲಿ ಅದು ನಿಲ್ಲುವುದಿಲ್ಲ, ತೊಂದರೆ ಇರುವುದು ಅಲ್ಲಿ. ಆವಿಯಾಗಿ ಗಾಳಿಯ ಜೊತೆ ಹೋಗುತ್ತದೆ. ಬೇಸಾಯವೇ ಇಲ್ಲದ ಉತ್ತರ ಧ್ರುವದ ಕಡೆಯೂ ಪತ್ತೆಯಾಗಿದೆ. ಮಣ್ಣಿನಲ್ಲಿ ಕರಗಿ ಹೋಗಲ್ವಾ ಅಂದರೆ, ಅದು ಒಡೆದಾಗ ಆಗುವ ಎಂಡೋಸಲ್ಫಾನ್ ಸಲ್ಫೇಟ್ ಕೂಡ ವಿಷವೇ, ಅದು ಇನ್ನೂ ಜಾಸ್ತಿ ದಿನ ಉಳಿಯುತ್ತದೆ. ಮಳೆ ನೀರಿನಲ್ಲಿ ಕೊಚ್ಚಿ ಕೆರೆ ಸೇರಿದರೆ ಮೀನು ಸಾಯಲು ತೀರಾ ಸ್ವಲ್ಪ ಸಾಕು.

ಹೀಗೆ ಗಡಿ ದಾಟುವ ವಿಷವನ್ನು ಒಂದು ದೇಶ ಬಿಟ್ಟರೆ ಸಾಲದು. ಅದಕ್ಕೇ 2001ರಲ್ಲಿ, ಇಂಥ ವಿಷಗಳನ್ನು ತಡೆಯಲು ಹಲವು ದೇಶಗಳು ಸೇರಿ ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದ ಆಯಿತು. ಅದರ ಪಟ್ಟಿಯಲ್ಲಿ ಮೊದಲು ಡಿಡಿಟಿ, ಆಲ್ಡ್ರಿನ್ ಎಂಬ ಕೀಟನಾಶಕಗಳೂ ಸೇರಿ 12 ರಾಸಾಯನಿಕಗಳಿದ್ದವು. ಎಂಡೋಸಲ್ಫಾನ್ 2011ರಲ್ಲಿ ಪಟ್ಟಿಗೆ ಬಂತು. ನನ್ನ ಪ್ರಕಾರ ಅದು ಬಹಳ ತಡವಾಗಿ ಬಂದ ತೀರ್ಮಾನ.

ಮಾಸ್ಕ್ ಹಾಕಿಕೊಂಡು ಹೊಡೆಯಿರಿ ಅಂತ ನಿಮ್ಮ ಪ್ರಶ್ನೆಗೆ ಒಬ್ಬರು ಬರೆದಿದ್ದಾರೆ. ಆ ಮಾತು ಕೇಳಬೇಡಿ. ಇದು ಚರ್ಮದಿಂದಲೂ ಮೈಗೆ ಇಳಿಯುತ್ತದೆ. ನರಗಳಿಗೆ ತಾಗಿದರೆ ಫಿಟ್ಸ್ ಬರುತ್ತದೆ. ಬೇರೆ ಕೆಲವು ಕೀಟನಾಶಕಗಳ ವಿಷ ಏರಿದಾಗ ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಡುತ್ತಾರೆ. ಎಂಡೋಸಲ್ಫಾನ್‌ಗೆ ಅಂಥ ಪ್ರತಿವಿಷ ಇಲ್ಲ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಚರಂಡಿಗೆ ಸುರಿಯಬೇಡಿ, ಹೂಳಬೇಡಿ, ಸುಡಬೇಡಿ. ಇದನ್ನು ಸುಡಲು 1000 ಡಿಗ್ರಿ ಮೀರಿದ ಕಾವಿನ ವಿಶೇಷ ಕುಲುಮೆಯೇ ಬೇಕು, ಹೊಲದ ಬೆಂಕಿಗೆ ಹಾಕಿದರೆ ವಿಷದ ಹೊಗೆ ಏಳುತ್ತದೆ. ಬೇರೆ ಬಾಟಲಿಗಂತೂ ಬಗ್ಗಿಸಲೇಬೇಡಿ. ನೀರಿನ ಬಾಟಲಿಗೆ ತುಂಬಿಟ್ಟ ವಿಷವನ್ನು ಗೊತ್ತಿಲ್ಲದೆ ಕುಡಿದು ಸತ್ತವರಿದ್ದಾರೆ, ಮಕ್ಕಳೂ ಇದ್ದಾರೆ.

ಕೈಗೆ ನೈಟ್ರೈಲ್ ರಬ್ಬರಿನ ಗ್ಲೌಸ್ ಹಾಕಿ. ಬಾಟಲಿಯ ಮುಚ್ಚಳ ಬಿಗಿಯಾಗಿದೆಯಾ ನೋಡಿ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದ ತಳಕ್ಕೆ ಒಣ ಮರಳು ಹಾಕಿ ಅದರಲ್ಲಿ ನೆಟ್ಟಗೆ ನಿಲ್ಲಿಸಿ, ಸೋರಿದರೆ ಮರಳು ಹೀರಿಕೊಳ್ಳುತ್ತದೆ. ಲೇಬಲ್ ಕೀಳಬೇಡಿ, ಏನಾದರೂ ಆದರೆ ಡಾಕ್ಟರು ಮೊದಲು ಕೇಳುವುದು ಅದನ್ನೇ. ಡಬ್ಬದ ಮೇಲೆ ದೊಡ್ಡದಾಗಿ ವಿಷ ಅಂತ ಬರೆದು, ಮೇವು, ಬಿತ್ತನೆ ಬೀಜ ಇಡುವ ಕಡೆಯಿಂದ ದೂರ, ಬೀಗ ಹಾಕಿಡಿ. ಆಮೇಲೆ ಕೃಷಿ ಇಲಾಖೆಗೆ ಅಥವಾ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರಹದಲ್ಲಿ ತಿಳಿಸಿ, ಎಲ್ಲಿಗೆ ಒಪ್ಪಿಸಬೇಕು ಅಂತ ಕೇಳಿ. ಉತ್ತರ ತಡವಾದರೂ ಬಿಡಬೇಡಿ, ಮತ್ತೆ ಕೇಳಿ.

ಶೆಡ್ಡಿನಲ್ಲಿರುವ ಉಳಿದ ಡಬ್ಬಿಗಳನ್ನೂ ಇದೇ ನೆಪದಲ್ಲಿ ಒಮ್ಮೆ ನೋಡಿಬಿಡಿ. ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಮಾರಾಟಕ್ಕೆ ಇಟ್ಟ ಹೆಸರು, ಅದರಿಂದ ಏನೂ ಗೊತ್ತಾಗಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ರಾಸಾಯನಿಕದ ಹೆಸರು, ಶೇಕಡಾ ಎಷ್ಟು ಅಂತ ಇರುತ್ತದೆ. ಆ ಭಾಗದ ಫೋಟೋ ಇಲ್ಲಿ ಹಾಕಿ, ಯಾವುದು ನಿಷೇಧದ ಪಟ್ಟಿಯಲ್ಲಿದೆ ಅಂತ ಕೂತು ನೋಡೋಣ.