ಜೋಗ ಬಿಡಿ, ಬಚ್ಚಲ ಒಲೆ ಮುಂದೆ ಕೂತ್ಕೊಳ್ಳಿ

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಹಳ್ಳಿ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಇನ್ನೊಂದು ತಿಂಗಳಿಗೆ ಹೊರಡಬೇಕು. ತಮ್ಮ ಹತ್ತನೇ ಕ್ಲಾಸು, ತಂಗಿ ಆರನೇ ಕ್ಲಾಸು. ಇಷ್ಟು ದಿನ ಚಾರ್ಜರಿಗೆ, ಕಿಟಕಿ ಪಕ್ಕದ ಹಾಸಿಗೆಗೆ ಜಗಳ ಆಡಿದ್ದೇ ಬಂತು. ಈಗ ಅವರ ಜೊತೆ ಚೆನ್ನಾಗಿ ಇರೋಣ ಅಂತ ಜೋಗ, ಕೊಡಚಾದ್ರಿ ಎಲ್ಲ ಪ್ಲಾನ್ ಹಾಕಿದೆ. ತಮ್ಮ ‘ನಾನು ಬರಲ್ಲ’ ಅಂತ ಎದ್ದು ಹೋಗುತ್ತಾನೆ. ಏನು ಮಾಡಲಿ?

ಉತ್ತರ: ಈ ಮಳೆಯಲ್ಲಿ ಕೊಡಚಾದ್ರಿ ಹತ್ತಿದರೆ ಖುಷಿಯಾಗುವುದು ಜಿಗಣೆಗಳಿಗೆ ಮಾತ್ರ. ಜೋಗವೂ ಅಷ್ಟೇ, 253 ಮೀಟರ್ ಮೇಲಿಂದ ಬೀಳುವ ನೀರು ಎಷ್ಟೋ ಸಲ ಮಂಜಿನ ಹಿಂದೆ ಬರೀ ಸದ್ದು.

ತಮ್ಮನ ಮೇಲೆ ಬೇಜಾರು ಬೇಡ. ಇಷ್ಟು ವರ್ಷ ಚಾರ್ಜರ್ ಕಿತ್ತುಕೊಂಡ ಅಣ್ಣ ದಿಢೀರಂತ ಬೆಣ್ಣೆಯಂಥ ಮಾತಾಡಿದರೆ ಯಾರಿಗಾದರೂ ಅನುಮಾನ ಬರುತ್ತೆ ಅಲ್ವಾ? ಜೊತೆಗೆ ನೀವು ಹೋದ ಮೇಲೆ ತೋಟದಲ್ಲಿ ಅಪ್ಪನ ಹಿಂದೆ ಓಡಾಡುವ ಕೆಲಸ ಅವನ ತಲೆಗೇ ಬರುತ್ತದೆ, ಅದು ಅವನಿಗೂ ಗೊತ್ತು.

ಹಾಗಾಗಿ ಸುತ್ತಾಟ ಬಿಟ್ಟು ಅವನನ್ನು ತೋಟಕ್ಕೆ ಕರೆದುಕೊಂಡು ಹೋಗಿ. ಅಡಿಕೆಗೆ ಬರುವ ಕೊಳೆ ರೋಗಕ್ಕೆ ಹೊಡೆಯುವ ಔಷಧಿಯ ಎರಡನೇ ಸುತ್ತು ಇನ್ನೇನು ಬರುತ್ತದೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುವಾಗ ಕೋಲಿನಲ್ಲಿ ಕಲಕುವುದು ಅವನೇ ಇರಲಿ. ಕೊನೆಗೆ ಕಬ್ಬಿಣದ ಕತ್ತಿಯನ್ನೂ ಅವನೇ ಅದ್ದಿ ನೋಡಲಿ. ಅಲಗಿನ ಮೇಲೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ. ‘ನಿಂಗೆ ಗೊತ್ತಾಗಲ್ಲ, ಕೊಡಿಲ್ಲಿ’ ಅನ್ನಬೇಡಿ, ಅಣ್ಣಂದಿರ ಕೆಟ್ಟ ಚಾಳಿ ಅದು.

ಸಂಜೆ ಮೂವರೂ ಬಚ್ಚಲ ಒಲೆ ಮುಂದೆ ಕೂತ್ಕೊಳ್ಳಿ. ಹೇಗೂ ಕರೆಂಟ್ ಇರಲ್ಲ, ಹಿಂದೇನೇ ನೆಟ್‌ವರ್ಕೂ ಹೋಗಿರುತ್ತೆ. ಬೆಂಕಿ ನೋಡುತ್ತಾ ಕೂತಾಗ ಹುಡುಗರು ಮಾತಾಡುತ್ತಾರೆ, ಮುಖ ನೋಡಿ ಕೇಳಿದರೆ ಇಲ್ಲ.

ನಾನು ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ಹಾಸ್ಟೆಲ್ಲಿಗೆ ಹೊರಟ ಹಿಂದಿನ ರಾತ್ರಿ, ಟ್ರಂಕಿನ ಬೀಗ ಕಾಣಲಿಲ್ಲ ಅಂತ ತಂಗಿಗೆ ಸುಮ್ನೆ ಬೈದಿದ್ದೆ. ಬಸ್ಸು ಹತ್ತಿ ಟಿಕೆಟಿಗೆ ಚಿಲ್ಲರೆ ಹುಡುಕುವಾಗ ಚೀಲದಲ್ಲೊಂದು ಕಾಗದದ ಪೊಟ್ಟಣ ಸಿಕ್ಕಿತು. ಒಲೆಯಲ್ಲಿ ಸುಟ್ಟ ಹಲಸಿನ ಬೇಳೆ, ಬೂದಿ ಒರೆಸಿ, ಸಿಪ್ಪೆ ಬಿಡಿಸಿ ಇಟ್ಟಿದ್ದಳು. ಅಷ್ಟೊತ್ತಿಗೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ತಿಂದೆ.

ನಿಮ್ಮ ತಂಗಿಯ ಬಗ್ಗೆ ಚಿಂತೆ ಇಲ್ಲ. ಕಿಟಕಿ ಪಕ್ಕದ ಹಾಸಿಗೆ ಅವಳಿಗೆ ಇವತ್ತೇ ಬಿಟ್ಟುಕೊಡಿ, ಹೊರಡುವ ದಿನ ಕೊಟ್ಟರೆ ಅದು ದಾನವಾಗುತ್ತದೆ.

ಇನ್ನು, ಗದ್ದೆ-ತೋಟದಲ್ಲಿ ಭೂಮಿತಾಯಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆಗೆ ಊರಿಗೆ ಬರುವ ತಾಳಗುಪ್ಪ ರೈಲಿನ ಟಿಕೆಟ್ ಬುಕಿಂಗ್ ಶುರುವಾದ ದಿನವೇ ಮಾಡಿ. ಬೆಳಗಿನ ಜಾವ ಗದ್ದೆಗೆ ಎಡೆ ತುಂಬಿದ ಭೂಮಣ್ಣಿ ಬುಟ್ಟಿ ಹೊರುವುದು ನಾನೇ ಅಂತ ತಮ್ಮನ ಎದುರು ಈಗಲೇ ಹೇಳಿ ನೋಡಿ. ಬಾಯಿ ಬಿಡದಿದ್ದರೆ ಕೇಳಿ.